ನೂರು ಮೀಟರಿನಾಚೆಗೂ ಊರಿದೆ

ನಮ್ಮ ಭಾಗದ ಯಾವ ಊರಿಗೇ ಹೊಸ ಬಾರ್ ಬರಲಿ, ತಕರಾರು ನಡೆಯುವ ರೀತಿ ಒಂದೇ. ಖಾಲಿ ಬಿದ್ದಿದ್ದ ಮಳಿಗೆಗೆ ಬಣ್ಣ ಬಳಿಯುತ್ತಾರೆ. ಒಳಗೆ ಕಟ್ಟಿಗೆ ಕೆಲಸ ಶುರುವಾಗುತ್ತದೆ. ಏನು ಬರುತ್ತದೆಂದು ಓಣಿಯವರು ವಿಚಾರಿಸಿದರೆ ಹೋಟೆಲ್ ಅಂತ ಉತ್ತರ ಸಿಗುತ್ತದೆ. ಫಲಕ ಏರಿದ ದಿನ ನಿಜ ಗೊತ್ತಾಗುತ್ತದೆ. ಆಮೇಲೆ ಸ್ತ್ರೀಶಕ್ತಿ ಸಂಘದವರು, ಶಾಲೆಯ ಎಸ್‌ಡಿಎಂಸಿಯವರು, ಗುಡಿಯ ಹಿರಿಯರು ಸೇರಿ ಮನವಿ ಬರೆಯುತ್ತಾರೆ. ತಹಶೀಲ್ದಾರ್ ಕಚೇರಿ, ಅಬಕಾರಿ ಕಚೇರಿ, ಹಾವೇರಿಯ ದೇವಗಿರಿಯಲ್ಲಿರುವ ಜಿಲ್ಲಾಡಳಿತ ಭವನ ಎಂದು ಅಲೆದಾಟ ನಡೆಯುತ್ತದೆ. ಕಡೆಗೆ ಅಬಕಾರಿ ಇಲಾಖೆಯವರು ಟೇಪು ಹಿಡಿದು ಬರುತ್ತಾರೆ. ಶಾಲೆಯ ಗೇಟಿನಿಂದ ಎಷ್ಟು, ಗುಡಿಯ ಬಾಗಿಲಿನಿಂದ ಎಷ್ಟು ಎಂದು ಅಳೆಯುತ್ತಾರೆ. 100 ಮೀಟರ್ ದಾಟಿದ್ದರೆ ನಿಯಮದ ಪ್ರಕಾರ ಸರಿಯಿದೆ ಎಂದು ಬರೆದುಕೊಂಡು ಹೋಗುತ್ತಾರೆ. ತಕರಾರು ಅಲ್ಲಿಗೆ ಮುಗಿಯುತ್ತದೆ.

ಈ ಅಂಗಡಿ ನಿಮಗೆ ಬೇಕೋ ಬೇಡವೋ ಎಂದು ಆ ಓಣಿಯವರನ್ನು ಯಾರೂ ಕೇಳುವುದಿಲ್ಲ. ಕೇಳಲೇಬೇಕೆಂಬ ನಿಯಮ ಕರ್ನಾಟಕದ ಅಬಕಾರಿ ಕಾನೂನಿನಲ್ಲಿ ಇಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ಮದ್ಯದಂಗಡಿಯ ಇತಿಹಾಸ ನೋಡುತ್ತ ಹೋದರೆ ಈ ಕೊರತೆ ಎಲ್ಲಿಂದ ಬಂತು ಎಂಬುದು ಗೊತ್ತಾಗುತ್ತದೆ. ಅದನ್ನು ಸರಿಪಡಿಸುವ ದಾರಿಯೂ ಇದೆ, ಬಹಳ ದೂರವೇನೂ ಇಲ್ಲ.

ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಈ ಮೂರೂ ತಾಲ್ಲೂಕುಗಳು ಧಾರವಾಡ ಜಿಲ್ಲೆಗೆ, ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಆದ್ದರಿಂದ ನಮ್ಮ ಮದ್ಯದಂಗಡಿಯ ಕಥೆ ಬೆಂಗಳೂರಿನಿಂದ ಶುರುವಾಗುವುದಿಲ್ಲ, 1878ರ ಮುಂಬಯಿ ಅಬಕಾರಿ ಕಾಯ್ದೆಯಿಂದ ಶುರುವಾಗುತ್ತದೆ. ಈಚಲು ಮರದಿಂದ ಸಿಂದಿ ಇಳಿಸುವುದು, ಸರಾಯಿ ಬಟ್ಟಿ ಇಳಿಸುವುದು ಅಲ್ಲಿಯವರೆಗೆ ಊರಮಟ್ಟದ ಕಸುಬುಗಳಾಗಿದ್ದವು. ಬ್ರಿಟಿಷ್ ಸರ್ಕಾರ ಅವನ್ನು ಪರವಾನಗಿಯ ಅಡಿಗೆ ತಂದಿತು, ಮರಕ್ಕೆ ತೆರಿಗೆ ಹಾಕಿತು, ಮಾರುವ ಹಕ್ಕನ್ನು ಗುತ್ತಿಗೆಗೆ ಕೊಟ್ಟಿತು. ಅಂಗಡಿ ಎಲ್ಲಿರಬೇಕೆಂದು ತೀರ್ಮಾನಿಸುವವನು ಕಲೆಕ್ಟರ್ ಆದ. ಅವನ ಮುಂದಿದ್ದ ಲೆಕ್ಕ ಬೊಕ್ಕಸದ್ದು. ಊರಿನ ಮಾತು ಆ ಲೆಕ್ಕದೊಳಗೆ ಸೇರಲೇ ಇಲ್ಲ. ಆಳುವವರು ಬದಲಾದರು, ರಾಜ್ಯದ ಹೆಸರು ಬದಲಾಯಿತು, ಈ ವ್ಯವಸ್ಥೆಯ ಬುಡ ಮಾತ್ರ ಹಾಗೆಯೇ ಉಳಿದಿದೆ.

ಇದನ್ನು ಮೊದಲು ಪ್ರಶ್ನಿಸಿದ್ದು ಸ್ವಾತಂತ್ರ್ಯ ಚಳವಳಿ. 1930ರ ಕಾನೂನುಭಂಗ ಚಳವಳಿ ಎಂದಾಗ ನಮಗೆ ಅಂಕೋಲೆಯ ಉಪ್ಪು ನೆನಪಾಗುತ್ತದೆ. ಸಮುದ್ರವಿಲ್ಲದ ಧಾರವಾಡ ಸೀಮೆಯಲ್ಲಿ ಜನ ಅರಣ್ಯ ಸತ್ಯಾಗ್ರಹ ಮಾಡಿದರು, ಈಚಲು ಮರ ಕಡಿದರು, ಸರಾಯಿ ಅಂಗಡಿಗಳ ಮುಂದೆ ಪಿಕೆಟಿಂಗ್ ನಡೆಸಿದರು. ಸರ್ಕಾರದ ಆದಾಯಕ್ಕೆ ಪೆಟ್ಟು ಕೊಡುವುದು ಒಂದು ಉದ್ದೇಶ, ಊರನ್ನು ಕುಡಿತದಿಂದ ಬಿಡಿಸುವುದು ಇನ್ನೊಂದು. ಅಂಗಡಿಯ ಮುಂದೆ ನಿಂತು ಗಿರಾಕಿಗೆ ಕೈಮುಗಿಯುವ ಆ ಕೆಲಸದಲ್ಲಿ ದೇಶದೆಲ್ಲೆಡೆ ಹೆಂಗಸರೇ ಮುಂದಿದ್ದರು. ಗಾಂಧೀಜಿ ಪಿಕೆಟಿಂಗನ್ನು ಬೇಕೆಂದೇ ಹೆಂಗಸರಿಗೆ ಒಪ್ಪಿಸಿದ್ದರು. 1931ರ ಮಾರ್ಚ್ 5ರಂದು ಗಾಂಧಿ–ಇರ್ವಿನ್ ಒಪ್ಪಂದವಾದಾಗ ಚಳವಳಿಯ ಬಹುತೇಕ ಕಾರ್ಯಕ್ರಮಗಳು ನಿಂತವು. ಆದರೆ ಶಾಂತಿಯುತವಾದ ಪಿಕೆಟಿಂಗ್‌ಗೆ ಆ ಒಪ್ಪಂದದಲ್ಲೇ ಅವಕಾಶ ಉಳಿಯಿತು. ಮದ್ಯದಂಗಡಿಯ ಮುಂದೆ ನಿಂತು ಬೇಡ ಎನ್ನುವ ಹಕ್ಕನ್ನು ಬ್ರಿಟಿಷ್ ವೈಸರಾಯ್ ಒಪ್ಪಿ ಸಹಿ ಹಾಕಿದ್ದ ಎಂಬುದನ್ನು ಇಂದು ಮನವಿಪತ್ರ ಹಿಡಿದು ನಿಲ್ಲುವ ನಮ್ಮ ಅಕ್ಕ–ತಂಗಿಯರು ತಿಳಿದಿರಬೇಕು.

ಈ ನೆಲಕ್ಕೆ ಆ ಚಳವಳಿಯೊಂದಿಗೆ ರಕ್ತಸಂಬಂಧವಿದೆ. ಗಾಂಧೀಜಿಯೊಂದಿಗೆ ದಂಡಿಯವರೆಗೆ ನಡೆದ ಮೈಲಾರ ಮಹಾದೇವ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರ ಜೊತೆ ಪೊಲೀಸರ ಗುಂಡಿಗೆ ಪ್ರಾಣ ಕೊಟ್ಟರು. ಅದೇ ಮೋಟೆಬೆನ್ನೂರು ಇವತ್ತು ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಹೆದ್ದಾರಿಯ ಮಾತು ಮುಂದೆ ಬರುತ್ತದೆ, ಆಗ ಈ ಊರನ್ನು ನೆನಪಿಟ್ಟುಕೊಳ್ಳಿ.

ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿ ಸರ್ಕಾರ ಕೊಟ್ಟ ಮಾತು ನಡೆಸಿತು. 1949ರ ಮುಂಬಯಿ ಪಾನನಿರೋಧ ಕಾಯ್ದೆ ಬಂತು. 1950ರ ಏಪ್ರಿಲ್ 6ರಿಂದ ಇಡೀ ರಾಜ್ಯದಲ್ಲಿ ಪೂರ್ಣ ಪಾನನಿಷೇಧ ಜಾರಿಯಾಯಿತು. ರಾಜ್ಯವಿಡೀ ಅಂಗಡಿಗಳು ಮುಚ್ಚಿದವು, ಹಾವೇರಿಯವೂ ರಾಣೆಬೆನ್ನೂರಿನವೂ ಅದರೊಳಗೆ ಬಂದವು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದಾಗ ವಿಚಿತ್ರ ಸ್ಥಿತಿ ಹುಟ್ಟಿತು. ಮುಂಬಯಿಯಿಂದ ಬಂದ ಜಿಲ್ಲೆಗಳಲ್ಲಿ ನಿಷೇಧ, ಹೈದರಾಬಾದ್ ಸಂಸ್ಥಾನದಿಂದ ಬಂದ ಬೀದರ್, ಗುಲಬರ್ಗಾ, ರಾಯಚೂರಿನಲ್ಲಿ ಅಂಗಡಿ. ಒಂದೇ ರಾಜ್ಯದಲ್ಲಿ ಎರಡು ಕಾನೂನು. 1961ರಲ್ಲಿ ಮೈಸೂರಿನದೇ ಆದ ಪಾನನಿರೋಧ ಕಾಯ್ದೆ ಬಂತು. ಆರೇ ವರ್ಷಗಳಲ್ಲಿ, 1967ರಲ್ಲಿ, ನಿಜಲಿಂಗಪ್ಪನವರ ಸರ್ಕಾರ ನಿಷೇಧವನ್ನೇ ತೆಗೆದುಹಾಕಿತು. 1965ರ ಅಬಕಾರಿ ಕಾಯ್ದೆ ಆ ಜಾಗಕ್ಕೆ ಬಂತು. ಇವತ್ತಿಗೂ ನಮ್ಮನ್ನು ಆಳುವುದು ಅದೇ ಕಾಯ್ದೆ.

ನಿಷೇಧದ ಆ ಹದಿನೇಳು ವರ್ಷ ಸುವರ್ಣಕಾಲವಾಗಿತ್ತೆಂದು ಹೇಳಲು ನಾನು ತಯಾರಿಲ್ಲ. ಕುಡಿತ ಊರು ಬಿಟ್ಟು ಹಳ್ಳದ ದಂಡೆಗೆ, ಜಾಲಿಕಂಟಿಯ ಮರೆಗೆ ಹೋಯಿತು. ಬೆಲ್ಲ, ಜಾಲಿಚಕ್ಕೆ, ನವಸಾಗರ ಹಾಕಿ ಕೊಳೆಸಿ ಕಾಯಿಸುವ ಕಳ್ಳಭಟ್ಟಿ ಹಬ್ಬಿತು. ಅದರ ಜೊತೆಗೆ ಪೊಲೀಸರಿಗೆ ಮಾಮೂಲಿ, ಹಿಡಿದವರಿಗೆ ಜೈಲು, ಹಿಡಿಯದವರಿಗೆ ಹಣ. ಕಳ್ಳಸರಾಯಿ ಎಷ್ಟು ಭಯಾನಕ ಎಂಬುದನ್ನು ರಾಜ್ಯ ಆಮೇಲೆ 1981ರ ಜುಲೈನಲ್ಲಿ ಕಂಡಿತು. ಬೆಂಗಳೂರಿನಲ್ಲಿ ಮೀಥೈಲ್ ಆಲ್ಕೊಹಾಲ್ ಬೆರೆತ ಸರಾಯಿ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು, ಬಹುತೇಕ ಎಲ್ಲರೂ ಕೂಲಿಕಾರರು. ಮೇಲಿನಿಂದ ಹೇರಿದ ನಿಷೇಧಕ್ಕೆ ಊರಿನ ಮನಸ್ಸು ಜೊತೆಗೂಡದಿದ್ದರೆ ಇಂಥದ್ದೇ ಆಗುವುದು. ಮೇಲಿನಿಂದ ಹೇರಿದ ಅಂಗಡಿಗೂ ಇದೇ ಮಾತು ಅನ್ವಯಿಸುತ್ತದೆ.

1967ರ ನಂತರದ ನಲವತ್ತು ವರ್ಷ ಸರಾಯಿ ಗುತ್ತಿಗೆದಾರರ ಕಾಲ. ತಾಲ್ಲೂಕಿಗೆ ತಾಲ್ಲೂಕೇ ಹರಾಜಾಗುತ್ತಿತ್ತು. ಹರಾಜಿನಲ್ಲಿ ಗೆದ್ದವನು ಎಷ್ಟು ಹಣ ಕಟ್ಟಲು ಒಪ್ಪಿದ್ದಾನೋ ಅಷ್ಟನ್ನು ಹಳ್ಳಿಗಳಿಂದ ಹಿಂಡಲೇಬೇಕಿತ್ತು. ಹಾಗಾಗಿ ಅಂಗಡಿಯಿಂದ ಸರಾಯಿ ಪ್ಯಾಕೆಟ್ ಬೀಡಿ ಅಂಗಡಿಗೆ, ಬೀಡಿ ಅಂಗಡಿಯಿಂದ ಹೊಲದ ಬದುವಿಗೆ ನಡೆದು ಬಂತು. ಈ ದುಡ್ಡು ರಾಜಕೀಯವನ್ನು ಎಷ್ಟು ಆಳವಾಗಿ ಹಿಡಿದಿತ್ತೆಂಬುದಕ್ಕೆ ಒಂದು ಉದಾಹರಣೆ ಸಾಕು. ಸರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟ್ ಟೀಕಿಸಿದ್ದಕ್ಕೆ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ 1986ರ ಫೆಬ್ರುವರಿಯಲ್ಲಿ ರಾಜೀನಾಮೆ ಕೊಟ್ಟರು. ಮೂರು ದಿನಗಳ ನಂತರ ಅದನ್ನು ಹಿಂದಕ್ಕೆ ಪಡೆದರು.

2007ರ ಜುಲೈ 1ರಿಂದ ಸರಾಯಿ ನಿಂತಿತು. ಕುಮಾರಸ್ವಾಮಿ ಮುಖ್ಯಮಂತ್ರಿ, ಯಡಿಯೂರಪ್ಪ ಹಣಕಾಸು ಸಚಿವರಾಗಿದ್ದ ಸರ್ಕಾರದ ತೀರ್ಮಾನ ಅದು. ಹಳ್ಳಿಯ ಹೆಣ್ಣುಮಕ್ಕಳು ಅಂದು ಸಂತೋಷಪಟ್ಟದ್ದು ಸುಳ್ಳಲ್ಲ. ಆದರೆ ಆ ಜಾಗವನ್ನು ಅಗ್ಗದ ವಿಸ್ಕಿ, ರಮ್ಮು, ಬ್ರಾಂದಿ ತುಂಬಿದವು. 2009ರಿಂದ ಸರ್ಕಾರಿ ಸಂಸ್ಥೆಯಾದ ಎಂಎಸ್‌ಐಎಲ್ ಹೆಸರಿನಲ್ಲಿ ಮದ್ಯದ ಮಳಿಗೆಗಳು ತೆರೆದುಕೊಂಡವು. ನ್ಯಾಯಬೆಲೆಗೆ, ನಕಲಿಯಿಲ್ಲದ ಮದ್ಯ ಸಿಗಬೇಕು ಎಂಬುದು ಸರ್ಕಾರ ಕೊಟ್ಟ ಕಾರಣ. ಪ್ಯಾಕೆಟ್ ಹೋಗಿ 90 ಎಂಎಲ್‌ನ ಟೆಟ್ರಾ ಪ್ಯಾಕ್ ಬಂತು.

ಇಲ್ಲಿ ಪರವಾನಗಿಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ತಕರಾರಿನ ಮೂಲ ಅಲ್ಲಿದೆ. ನಾವು ವೈನ್ ಶಾಪ್ ಎನ್ನುವುದು ಸಿಎಲ್–2. ಅಲ್ಲಿ ಬಾಟಲಿ ಕೊಂಡು ಹೋಗಬೇಕು, ಕೂತು ಕುಡಿಯುವಂತಿಲ್ಲ. ಬಾರ್ ಆ್ಯಂಡ್ ರೆಸ್ಟೋರೆಂಟ್ ಎಂದರೆ ಸಿಎಲ್–9. ಅಲ್ಲಿ ಕೂತು ಕುಡಿಯಬೇಕು, ಪಾರ್ಸೆಲ್ ಕೊಡುವಂತಿಲ್ಲ. ಸಿಎಲ್–4 ಕ್ಲಬ್ಬಿನದು, ಸಿಎಲ್–7 ವಸತಿಗೃಹವಿರುವ ಹೋಟೆಲಿನದು, ಎಂಎಸ್‌ಐಎಲ್ ಮಳಿಗೆಯದು ಸಿಎಲ್–11ಸಿ. ಸಿಎಲ್–2 ಮತ್ತು ಸಿಎಲ್–9ರ ಹೊಸ ಪರವಾನಗಿ ಕೊಡುವುದನ್ನು ರಾಜ್ಯ 1992ರಲ್ಲಿಯೇ ನಿಲ್ಲಿಸಿತು. ಕೇಳಲು ಒಳ್ಳೆಯ ಸುದ್ದಿ. ಆದರೆ ಹಳೆಯ ಪರವಾನಗಿಯನ್ನು ಒಬ್ಬರಿಂದ ಒಬ್ಬರಿಗೆ ವರ್ಗಾಯಿಸಬಹುದು, ಒಂದು ಜಾಗದಿಂದ ಇನ್ನೊಂದಕ್ಕೆ ಸ್ಥಳಾಂತರಿಸಬಹುದು. ಹೊಸದು ಸಿಗುವುದಿಲ್ಲವಾದ್ದರಿಂದ ಹಳೆಯದರ ಬೆಲೆ ಏರುತ್ತಲೇ ಹೋಯಿತು. ಪರವಾನಗಿ ಎಂಬ ಕಾಗದವೇ ಆಸ್ತಿಯಾಯಿತು. ಅಷ್ಟು ಹಣ ಹಾಕಿದವರು ವ್ಯಾಪಾರ ಹೆಚ್ಚುವ ಜಾಗವನ್ನೇ ಹುಡುಕುತ್ತಾರೆ. ನಿನ್ನೆಯವರೆಗೆ ಇಲ್ಲದ ಬಾರ್ ನಿಮ್ಮ ಓಣಿಯಲ್ಲಿ ಇದ್ದಕ್ಕಿದ್ದಂತೆ ಹುಟ್ಟುವುದು ಹೀಗೆ. ಕಾಗದದಲ್ಲಿ ಅದು ಹೊಸ ಅಂಗಡಿ ಅಲ್ಲವೇ ಅಲ್ಲ, ಬೇರೆಲ್ಲೋ ಇದ್ದದ್ದು ಜಾಗ ಬದಲಿಸಿದೆ ಅಷ್ಟೆ. ಇನ್ನೊಂದು ದಾರಿ ಸಿಎಲ್–7. ನಿಗದಿಪಡಿಸಿದಷ್ಟು ಕೊಠಡಿ ಕಟ್ಟಿ ವಸತಿಗೃಹ ಎಂದು ತೋರಿಸಿದರೆ ಹೊಸ ಪರವಾನಗಿ ಸಿಗುತ್ತದೆ. ಕೊಠಡಿಗಳಿಗೆ ಬೀಗ, ಕೆಳಗಿನ ಬಾರಿಗೆ ಜನ, ಇಂಥ ವಸತಿಗೃಹಗಳು ರಾಜ್ಯದಲ್ಲಿ ಎಷ್ಟೋ ಇವೆ.

ಈಗ ಹೆದ್ದಾರಿಯ ಮಾತು. ಪುಣೆಯಿಂದ ಬೆಂಗಳೂರಿಗೆ ಹೋಗುವ ಹಳೆಯ ರಾಷ್ಟ್ರೀಯ ಹೆದ್ದಾರಿ 4, ಈಗಿನ 48, ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರನ್ನು ಒಂದೇ ಗೆರೆಯಲ್ಲಿ ಜೋಡಿಸುತ್ತದೆ. ಬ್ಯಾಡಗಿ ಪಟ್ಟಣ ಹೆದ್ದಾರಿಯಿಂದ ಒಳಗಿದೆ, ಮೋಟೆಬೆನ್ನೂರಿನಲ್ಲಿ ತಿರುಗಿ ಹೋಗಬೇಕು. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ ಅಂಚಿನಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದೆಂದು ತೀರ್ಪಿತ್ತಿತು. ಕುಡಿದು ವಾಹನ ಓಡಿಸಿ ಆಗುವ ಸಾವುಗಳನ್ನು ತಡೆಯುವುದು ನ್ಯಾಯಾಲಯದ ಉದ್ದೇಶ. ಹೆದ್ದಾರಿಯಿಂದ ಅಂಗಡಿ ಕಾಣಿಸಬಾರದು, ಅಲ್ಲಿಂದ ನೇರ ದಾರಿ ಇರಬಾರದು, ಮದ್ಯ ಸಿಗುತ್ತದೆಂಬ ಫಲಕವೂ ಇರಬಾರದು ಎಂದು ಕೋರ್ಟ್ ಹೇಳಿತು. 2017ರ ಮಾರ್ಚ್ 31ರಂದು ಅದೇ ಕೋರ್ಟ್, 20 ಸಾವಿರಕ್ಕಿಂತ ಕಡಿಮೆ ಜನರಿರುವ ಊರುಗಳಲ್ಲಿ ಈ ಅಂತರವನ್ನು 220 ಮೀಟರಿಗೆ ಇಳಿಸಿತು. ಕರ್ನಾಟಕದಲ್ಲಿ ಪರವಾನಗಿಯ ವರ್ಷ ಜೂನ್ 30ಕ್ಕೆ ಮುಗಿಯುವುದರಿಂದ ಇಲ್ಲಿ ಅದರ ಬಿಸಿ ತಟ್ಟಿದ್ದು 2017ರ ಜುಲೈನಲ್ಲಿ.

ತೀರ್ಪಿನ ಹಿಂದಿದ್ದ ಕಳಕಳಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಹೆದ್ದಾರಿಯಿಂದ ಎದ್ದ ಅಂಗಡಿ ಎಲ್ಲಿಗೆ ಹೋಗಬೇಕು ಎಂಬುದನ್ನು ತೀರ್ಪು ಹೇಳಲಿಲ್ಲ. ಪರವಾನಗಿ ಜೀವಂತವಿತ್ತು, ಅದಕ್ಕೆ ಒಂದು ಬಾಗಿಲು ಬೇಕಿತ್ತು. ಹೆದ್ದಾರಿಯಿಂದ 500 ಮೀಟರ್ ಒಳಗೆ ಹೋದರೆ ಸಿಗುವುದು ಊರು, ಅಂದರೆ ಮನೆ, ಶಾಲೆ, ಗುಡಿ, ನೀರಿನ ಟ್ಯಾಂಕು, ಬಸ್ಸಿಗೆ ನಿಲ್ಲುವ ಹೆಣ್ಣುಮಕ್ಕಳು. ರಾಜ್ಯದ ನಾನಾ ಕಡೆ, ದೇಶದ ನಾನಾ ಕಡೆ ಆ ವರ್ಷ ಹೆಂಗಸರು ಬೀದಿಗಿಳಿದದ್ದು ಇದಕ್ಕೇ. ಲಾರಿ ಚಾಲಕನನ್ನು ಕಾಪಾಡಲು ಹೊರಟ ನಿಯಮ ಅಂಗಡಿಯನ್ನು ತಂದು ಓಣಿಯಲ್ಲಿ ನಿಲ್ಲಿಸಿತು. 2017ರ ಜುಲೈ 11ರಂದು ಕೋರ್ಟ್, ನಗರಾಡಳಿತದ ಮಿತಿಯೊಳಗಿನ ಅಂಗಡಿಗಳಿಗೆ ಈ ನಿರ್ಬಂಧವಿಲ್ಲ ಎಂದು ಸ್ಪಷ್ಟಪಡಿಸಿತು. ಹಾವೇರಿ, ರಾಣೆಬೆನ್ನೂರು ನಗರಸಭೆಗಳು ಹೀಗೆ ಆ ನಿರ್ಬಂಧದಿಂದ ಹೊರಗುಳಿದವು. 2018ರ ಫೆಬ್ರುವರಿಯಲ್ಲಿ, ಪಟ್ಟಣದಂತೆ ಬೆಳೆದಿರುವ ಪಂಚಾಯಿತಿ ಪ್ರದೇಶಗಳಿಗೂ ಈ ವಿನಾಯಿತಿ ಕೊಡಬೇಕೋ ಬೇಡವೋ ಎಂಬುದನ್ನು ರಾಜ್ಯ ಸರ್ಕಾರಗಳ ವಿವೇಚನೆಗೆ ಬಿಟ್ಟಿತು. ಒಂದೂಕಾಲು ವರ್ಷದಲ್ಲಿ ನಿಯಮ ಹೀಗೆ ಕರಗಿತು. ಸ್ಥಳಾಂತರವಾಗಿ ಒಳಗೆ ಬಂದು ಕೂತ ಅಂಗಡಿಗಳನ್ನು ವಾಪಸ್ ಕಳಿಸುವ ನಿಯಮ ಮಾತ್ರ ಬರಲಿಲ್ಲ.

ಮೋಟೆಬೆನ್ನೂರಿನಂಥ ಹೆದ್ದಾರಿಯ ಊರಿಗೆ ಈ ಅಂಕಿಗಳ ಅರ್ಥವೇನು ಎಂದು ಯೋಚಿಸಿ. ಮೊದಲು 500, ಮೂರೂವರೆ ತಿಂಗಳಲ್ಲಿ 220, ಮರುವರ್ಷ ಸರ್ಕಾರದ ಇಷ್ಟ. ಮೂರು ಸಲವೂ ಲೆಕ್ಕ ಹಾಕಿದವರು ದೆಹಲಿಯಲ್ಲೋ ಬೆಂಗಳೂರಿನಲ್ಲೋ ಇದ್ದರು. ದಂಡಿಗೆ ನಡೆದವನನ್ನು ಹೆತ್ತ ಊರಿಗೆ ತನ್ನ ಬೀದಿಯ ಬಗ್ಗೆ ಒಂದು ಮಾತು ಹೇಳುವ ಅಧಿಕಾರ ಒಂದು ಸಲವೂ ಸಿಗಲಿಲ್ಲ.

ನೂರು ಮೀಟರಿನ ನಿಯಮಕ್ಕೆ ಬರೋಣ. 1967ರ ಅಬಕಾರಿ ಸಾಮಾನ್ಯ ಷರತ್ತುಗಳ ನಿಯಮಾವಳಿಯ 5ನೇ ನಿಯಮ ಅದು. ಧಾರ್ಮಿಕ ಸಂಸ್ಥೆ, ಶಿಕ್ಷಣ ಸಂಸ್ಥೆ, ಆಸ್ಪತ್ರೆ, ಸರ್ಕಾರಿ ಕಚೇರಿ, ಪರಿಶಿಷ್ಟ ಜಾತಿ–ಪಂಗಡದವರೇ ಹೆಚ್ಚಾಗಿರುವ ವಸತಿ ಪ್ರದೇಶ, ಇವುಗಳಿಂದ 100 ಮೀಟರ್ ಒಳಗೆ ಅಂಗಡಿ ಇರಬಾರದು. ಅಳೆಯುವುದು ಗೋಡೆಯಿಂದ ಗೋಡೆಗಲ್ಲ, ನೇರ ಗೆರೆಯಲ್ಲೂ ಅಲ್ಲ. ಅಂಗಡಿಯ ಬಾಗಿಲಿನ ನಡುವಿನಿಂದ ಹಿಡಿದು, ಪಾದಚಾರಿಗಳು ಸಾಮಾನ್ಯವಾಗಿ ನಡೆಯುವ ಹತ್ತಿರದ ದಾರಿಗುಂಟ, ಸಂಸ್ಥೆಯ ಗೇಟಿನ ನಡುವಿನವರೆಗೆ ಅಳೆಯಬೇಕು. ಆಟ ಇರುವುದು ಇಲ್ಲಿಯೇ. ಶಾಲೆಯ ಹಿಂಬದಿಯ ಗೋಡೆಗೆ ಹೊಂದಿಕೊಂಡಿದ್ದರೂ ಮುಂದಿನ ಗೇಟಿಗೆ ಸುತ್ತುಹಾಕಿ ಬರುವ ದಾರಿ 100 ಮೀಟರ್ ದಾಟಿದರೆ ಅಂಗಡಿಗೆ ಅಡ್ಡಿಯಿಲ್ಲ. ಬಾಗಿಲನ್ನು ಒಂದು ಬದಿಯಿಂದ ಇನ್ನೊಂದಕ್ಕೆ ತಿರುಗಿಸಿದರೆ ಹತ್ತಿಪ್ಪತ್ತು ಮೀಟರ್ ಹೆಚ್ಚುತ್ತದೆ. ಹೈಕೋರ್ಟಿನ ಮುಂದೆ ಬಂದಿರುವ ಎಷ್ಟೋ ಪ್ರಕರಣಗಳಲ್ಲಿ ವಾದವೆಲ್ಲ ಈ ಅಳತೆಯ ಮೇಲೆಯೇ. ಮಕ್ಕಳು ಕಲಿಯುವ ಕೋಣೆಯ ಕಿಟಕಿಗೆ ಕುಡುಕರ ಬೈಗುಳ ಕೇಳಿಸುತ್ತದೆಯೋ ಇಲ್ಲವೋ ಎಂಬುದನ್ನು ಟೇಪು ಅಳೆಯಲಾರದು. ಇನ್ನು, ಈ ಪಟ್ಟಿಯಲ್ಲಿ ಇಲ್ಲದ ಜಾಗಗಳ ಕಥೆ ಏನು? ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿ ಸಂಜೆ ಮನೆಗೆ ನಡೆದುಹೋಗುವ ಹೆಂಗಸರ ದಾರಿ ಯಾವ ಪಟ್ಟಿಯಲ್ಲಿದೆ? ರಾಣೆಬೆನ್ನೂರು ತಾಲ್ಲೂಕಿನಲ್ಲಿ ಬೀಜದ ಪ್ಲಾಟುಗಳಿಗೆ ಕ್ರಾಸಿಂಗ್ ಕೆಲಸಕ್ಕೆ ನಸುಕಿನಲ್ಲಿ ಹೊರಡುವ ಹುಡುಗಿಯರು ಗಾಡಿಗೆ ಕಾಯುವ ಸರ್ಕಲ್ ಯಾವ ಪಟ್ಟಿಯಲ್ಲಿದೆ?

ಬ್ಯಾಡಗಿಯ ವಿಷಯ ಸ್ವಲ್ಪ ಬೇರೆಯಾಗಿ ನೋಡಬೇಕು. ಸುಮಾರು 30 ಸಾವಿರ ಜನರ ಪಟ್ಟಣ, ಆದರೆ ಮೆಣಸಿನಕಾಯಿಯ ಹಂಗಾಮಿನಲ್ಲಿ ಸೋಮವಾರ, ಗುರುವಾರ ಬಂತೆಂದರೆ ಬಳ್ಳಾರಿ, ರಾಯಚೂರು, ಕರ್ನೂಲು ಕಡೆಯಿಂದಲೂ ಲಾರಿ ಮೇಲೆ ಲಾರಿ. ರೈತ, ಹಮಾಲ, ಚಾಲಕ, ದಲಾಲ ಎಲ್ಲರ ಕೈಯಲ್ಲೂ ಅಂದು ದುಡ್ಡು ಆಡುತ್ತದೆ. ದುಡ್ಡು ಆಡುವ ದಿನವೇ ಮದ್ಯದಂಗಡಿಗೆ ಹಬ್ಬ. ವರ್ಷದ ಬೆವರು ಒಂದೇ ದಿನ ನೋಟಾಗಿ ಕೈಗೆ ಬಂದವನಿಗೆ ಮಾರುಕಟ್ಟೆಯಿಂದ ಬಸ್ ನಿಲ್ದಾಣದವರೆಗಿನ ಹಾದಿ ಕಷ್ಟದ ಹಾದಿ. ಇದರಲ್ಲಿ ಅವನ ದುರ್ಬಲತೆಯೂ ಇದೆ, ಒಪ್ಪುತ್ತೇನೆ. ಆದರೆ ದುರ್ಬಲತೆ ಎಲ್ಲಿದೆಯೆಂದು ಗೊತ್ತಿದ್ದೂ ಸರ್ಕಾರ ಅಲ್ಲಿಯೇ ಬಾಗಿಲು ತೆರೆಯಲು ಬಿಟ್ಟರೆ ಅದನ್ನು ಏನೆನ್ನಬೇಕು?

ಇದಕ್ಕೆ ಸರ್ಕಾರದ ಒಂದೇ ಉತ್ತರ ಆದಾಯ. 2025–26ರ ಬಜೆಟ್‌ನಲ್ಲಿ ಅಬಕಾರಿಗೆ ಇಟ್ಟ ಗುರಿ 40 ಸಾವಿರ ಕೋಟಿ ರೂಪಾಯಿ. ಗುರಿ ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ವಲಯಕ್ಕೆ ಇಳಿಯುತ್ತದೆ. ಅಕ್ರಮ ಮಾರಾಟ ತಡೆಯಬೇಕಾದ ಅಧಿಕಾರಿಯೇ ಮಾರಾಟದ ಗುರಿ ಮುಟ್ಟಬೇಕು. ಹಳ್ಳಿಯ ಕಿರಾಣಿ ಅಂಗಡಿ, ಚಹಾದಂಗಡಿಯಲ್ಲಿ ಬಿಕರಿಯಾಗುವ ಕ್ವಾರ್ಟರ್ ಬಾಟಲಿಯೂ ಕಡೆಗೆ ಪರವಾನಗಿ ಅಂಗಡಿಯಿಂದಲೇ ಹೋದದ್ದು, ಅದರ ಸುಂಕವೂ ಬೊಕ್ಕಸಕ್ಕೆ ಸಂದದ್ದು. ಹಾಗಿರುವಾಗ ದಾಳಿಗೆ ಯಾವ ಹುರುಪು ಇರಬೇಕು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ ಕುಡಿಯುವವರು ನೂರಕ್ಕೆ ಸುಮಾರು 16 ಮಂದಿ. ಈ 40 ಸಾವಿರ ಕೋಟಿಯ ಬಹುಪಾಲು ಅವರ ಮನೆಗಳಿಂದ ಬರಬೇಕು. 2020ರ ಲಾಕ್‌ಡೌನ್ ಸಡಿಲಗೊಂಡು ಮೇ 4ರಂದು ಅಂಗಡಿಗಳು ತೆರೆದಾಗ ರಾಜ್ಯದಲ್ಲಿ ಒಂದೇ ದಿನ 45 ಕೋಟಿ ರೂಪಾಯಿ, ಮರುದಿನ 197 ಕೋಟಿ ರೂಪಾಯಿ ವಹಿವಾಟು ನಡೆಯಿತು. ಆರು ವಾರ ದುಡಿಮೆಯಿಲ್ಲದ ಮನೆಗಳಿಂದಲೂ ಆ ಹಣ ಬಂತು.

ಜನ ಸುಮ್ಮನೆ ಕೂತಿಲ್ಲ. 2019ರ ಜನವರಿ 19ರಂದು ಚಿತ್ರದುರ್ಗದಿಂದ ಸಾವಿರಾರು ಹೆಂಗಸರು ಇದೇ ಹೆದ್ದಾರಿಯ ಮೇಲೆ ಬೆಂಗಳೂರಿನ ಕಡೆ ನಡೆದರು. ಸುಮಾರು 200 ಕಿಲೋಮೀಟರ್ ನಡೆದು ಗಾಂಧಿ ಹುತಾತ್ಮರಾದ ಜನವರಿ 30ರ ಹೊತ್ತಿಗೆ ರಾಜಧಾನಿ ಮುಟ್ಟಿದರು. ದಾರಿಯಲ್ಲಿ ಒಬ್ಬ ತಾಯಿ ಅಪಘಾತದಲ್ಲಿ ಜೀವ ಕಳೆದುಕೊಂಡರು. ಮದ್ಯ ನಿಷೇಧ ಅವರ ಬೇಡಿಕೆ. ಅದು ಈಡೇರಲಿಲ್ಲ. 2023ರಲ್ಲಿ ದೊಡ್ಡ ಗ್ರಾಮ ಪಂಚಾಯಿತಿಗಳಲ್ಲಿ ಹೊಸ ಅಂಗಡಿ ತೆರೆಯುವ ಪ್ರಸ್ತಾವ ಬಂದಾಗ ಎದ್ದ ವಿರೋಧಕ್ಕೆ ಸರ್ಕಾರ ಹಿಂದೆ ಸರಿಯಿತು. ಸಂಘಟಿತವಾಗಿ ಬೇಡ ಎಂದರೆ ಕೇಳಿಸುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಆದರೆ ಬೇಡ ಎನ್ನುವುದಕ್ಕೂ ಒಂದು ರೀತಿ ಇರಬೇಕು. 2009ರ ಜನವರಿ 24ರಂದು ಮಂಗಳೂರಿನ ಅಮ್ನೇಶಿಯಾ ಪಬ್ಬಿಗೆ ಶ್ರೀರಾಮ ಸೇನೆಯವರು ನುಗ್ಗಿ ಅಲ್ಲಿದ್ದ ಹೆಣ್ಣುಮಕ್ಕಳನ್ನು ಹೊಡೆದು ಅಟ್ಟಾಡಿಸಿದ್ದನ್ನು ಇಡೀ ದೇಶ ಟೀವಿಯಲ್ಲಿ ನೋಡಿತು. ಸಂಸ್ಕೃತಿಯ ಹೆಸರು ಹೇಳಿ ಮಾಡಿದ ಆ ಕೆಲಸ ಶುದ್ಧ ದೌರ್ಜನ್ಯ. 2018ರ ಮಾರ್ಚ್‌ನಲ್ಲಿ ಸಾಕ್ಷ್ಯ ಸಾಲದೆಂದು ಆರೋಪಿಗಳು ಖುಲಾಸೆಯಾದರು. ಆ ಹುಡುಗಿಯರಿಗೆ ಆದ ಅವಮಾನ ಅದರಿಂದ ಅಳಿಯಲಿಲ್ಲ. ಪಬ್ ಎಂದರೆ ಕರ್ನಾಟಕದಲ್ಲಿ ಎಷ್ಟೋ ಜನರಿಗೆ ಇಂದಿಗೂ ಆ ಗಲಾಟೆ ನೆನಪಾಗುತ್ತದೆ. ಇದರಿಂದ ಆದ ನಷ್ಟ ದೊಡ್ಡದು. ಮದ್ಯದಂಗಡಿ ಬೇಡ ಎನ್ನುವ ಹಳ್ಳಿಯ ತಾಯಂದಿರನ್ನೂ ನಗರದ ಜನ ಅದೇ ಸಾಲಿಗೆ ಸೇರಿಸಿ ನೋಡುವಂತಾಯಿತು. ಒಂದು ಕಡೆ ಯಾರು ಕುಡಿಯಬೇಕು, ಯಾರು ಕುಡಿಯಬಾರದು ಎಂದು ಕೋಲು ಹಿಡಿದು ತೀರ್ಪು ಕೊಡುವ ಗಂಡಸರು. ಇನ್ನೊಂದು ಕಡೆ ನಮ್ಮ ಮನೆಯ ಬಾಗಿಲಲ್ಲಿ ಈ ವ್ಯಾಪಾರ ಬೇಡ ಎಂದು ಅರ್ಜಿ ಹಿಡಿದು ನಿಂತ ಹೆಂಗಸರು. ಎರಡೂ ಒಂದೇ ಎನ್ನುವವರ ಜೊತೆ ನಾನು ಜಗಳವಾಡಲು ಸಿದ್ಧ.

ಕೋಲೂ ಬೇಡ, ಬರೀ ಟೇಪೂ ಸಾಲದು. ಹಾಗಾದರೆ ಏನು? ಪಕ್ಕದ ಮಹಾರಾಷ್ಟ್ರ 2008ರ ಮಾರ್ಚ್ 25ರ ಆದೇಶದಲ್ಲಿ ಇದಕ್ಕೊಂದು ದಾರಿ ಮಾಡಿದೆ. ಊರಿನ ಒಟ್ಟು ಮತದಾರರಲ್ಲಿ ಅಥವಾ ಮಹಿಳಾ ಮತದಾರರಲ್ಲಿ ಶೇಕಡಾ 25 ಮಂದಿ ಅಂಗಡಿ ಮುಚ್ಚಬೇಕೆಂದು ಸಹಿ ಮಾಡಿ ಕೊಟ್ಟರೆ ಆಡಳಿತ ಆ ಸಹಿಗಳನ್ನು ಪರಿಶೀಲಿಸಿ ಗುಪ್ತ ಮತದಾನ ನಡೆಸಬೇಕು. ಮತಪತ್ರದ ಮೇಲೆ ಎರಡು ಚಿತ್ರ. ನೆಟ್ಟಗೆ ನಿಂತ ಬಾಟಲಿ ಎಂದರೆ ಅಂಗಡಿ ಇರಲಿ, ಅಡ್ಡ ಮಲಗಿದ ಬಾಟಲಿ ಎಂದರೆ ಮುಚ್ಚಲಿ. ಅರ್ಧಕ್ಕಿಂತ ಹೆಚ್ಚು ಮತದಾರರು ಮಲಗಿದ ಬಾಟಲಿಗೆ ಗುರುತು ಹಾಕಿದರೆ ಅಂಗಡಿ ಮುಚ್ಚುತ್ತದೆ. ಅಕ್ಷರ ಬಾರದ ಅಜ್ಜಿಯೂ ಹಾಕಬಹುದಾದ ಮತ ಅದು. ಆ ರಾಜ್ಯದ ಎಷ್ಟೋ ಹಳ್ಳಿಗಳಲ್ಲಿ ಹೆಂಗಸರು ಹೀಗೆ ಮತ ಹಾಕಿ ಅಂಗಡಿ ಮುಚ್ಚಿಸಿದ್ದಾರೆ. ಸೋತ ಊರುಗಳೂ ಇವೆ. ಪಟ್ಟಿಯಲ್ಲಿರುವ ಎಲ್ಲ ಮತದಾರರ ಅರ್ಧ ಬೇಕೆಂಬ ಷರತ್ತಿನಿಂದ, ಮತಕ್ಕೆ ಬಾರದವರ ಲೆಕ್ಕವೂ ಅಂಗಡಿಯ ಪರವಾಗಿಯೇ ಬೀಳುತ್ತದೆ ಎಂಬ ದೂರೂ ಇದೆ. ಅದನ್ನು ತಿದ್ದಬಹುದು. ಇಲ್ಲಿ ಮುಖ್ಯವಾದದ್ದು ತೀರ್ಮಾನದ ಕೈ ಯಾವುದು ಎಂಬುದು. ಒಂದು ಕಾಲಕ್ಕೆ ನಾವೂ ಅವರೂ ಒಂದೇ ಪ್ರಾಂತ್ಯದವರು, ಒಂದೇ ಅಬಕಾರಿ ಕಾಯ್ದೆಯ ಕೆಳಗಿದ್ದವರು. ಅವರಿಗೆ ಸಿಕ್ಕ ಹಕ್ಕು ನಮಗೆ ಯಾಕಿಲ್ಲ?

ನಮ್ಮ 1965ರ ಕಾಯ್ದೆಯಲ್ಲಿ ಅಂಗಡಿ ಮುಚ್ಚಿಸುವ ಅಧಿಕಾರವೇ ಇಲ್ಲವೆಂದಲ್ಲ. ಸಾರ್ವಜನಿಕ ಶಾಂತಿಗಾಗಿ ಜಿಲ್ಲಾಡಳಿತ ಅಂಗಡಿಗಳನ್ನು ಮುಚ್ಚಿಸಬಹುದು. ಗಣೇಶನ ಮೆರವಣಿಗೆಗೆ, ಚುನಾವಣೆಗೆ ಮುಚ್ಚಿಸುತ್ತಲೇ ಇದೆ. ಒಂದು ದಿನದ ಶಾಂತಿಗೆ ಬೀಗ ಹಾಕುವ ಅಧಿಕಾರ ಅಧಿಕಾರಿಗೆ ಇದೆ, ವರ್ಷವಿಡೀ ನೆಮ್ಮದಿ ಕೇಳುವ ಓಣಿಗೆ ಇಲ್ಲ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ಕಳಿಸಿದರೆ ಅದು ಮನವಿಯಾಗುತ್ತದೆ, ಆಜ್ಞೆಯಾಗುವುದಿಲ್ಲ. ಸಂವಿಧಾನದ 47ನೇ ವಿಧಿ ಮದ್ಯಪಾನ ತಗ್ಗಿಸುವ ಹೊಣೆಯನ್ನು ರಾಜ್ಯಕ್ಕೆ ವಹಿಸಿದೆ. ಆ ಹೊಣೆಯ ಸಣ್ಣ ಪಾಲನ್ನು ಊರಿಗೆ ಕೊಡಲು ರಾಜ್ಯ ಯಾಕೆ ಹಿಂಜರಿಯಬೇಕು?

ಒಂದೂರಿನಲ್ಲಿ ಮುಚ್ಚಿದರೆ ಪಕ್ಕದೂರಿಗೆ ಹೋಗಿ ಕುಡಿಯುತ್ತಾರೆ, ಕಳ್ಳತನದಲ್ಲಿ ಮಾರುತ್ತಾರೆ ಎನ್ನುವವರಿದ್ದಾರೆ. ಮಾತು ಪೂರ್ತಿ ಸುಳ್ಳಲ್ಲ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ 2015ರಲ್ಲಿ ತಂದ ನಿಷೇಧವನ್ನು 2021ರಲ್ಲಿ ಹಿಂದಕ್ಕೆ ಪಡೆಯಬೇಕಾಯಿತು. ಆಂಧ್ರದಲ್ಲಿ ನೆಲ್ಲೂರಿನ ದೂಬಗುಂಟದ ಹೆಂಗಸರು ಹೊತ್ತಿಸಿದ ಹೋರಾಟದಿಂದ ಬಂದ ನಿಷೇಧ 1997ರಲ್ಲಿ ಕುಸಿಯಿತು. ಅದಕ್ಕೇ ನಾನು ರಾಜ್ಯವ್ಯಾಪಿ ನಿಷೇಧದ ಮಾತನ್ನು ಇಲ್ಲಿ ಆಡುತ್ತಿಲ್ಲ. ಕುಡಿಯುವವನ ಹಕ್ಕಿಗೆ ಕೈಹಾಕುವುದೂ ನನ್ನ ಉದ್ದೇಶವಲ್ಲ. ತನ್ನ ದುಡ್ಡಿನಲ್ಲಿ, ಯಾರಿಗೂ ತೊಂದರೆ ಕೊಡದೆ ಕುಡಿಯುವವರು ಎಲ್ಲ ಊರಿನಲ್ಲೂ ಇದ್ದಾರೆ, ಅವರು ಯಾರ ಶತ್ರುಗಳೂ ಅಲ್ಲ. ಆದರೆ ನನ್ನ ಮನೆಯ ಎದುರು ಅಂಗಡಿ ಇರಲೇಬೇಕು ಎಂಬುದು ಅವರ ಹಕ್ಕಿನೊಳಗೆ ಬರುವುದಿಲ್ಲ. ಊರೇ ಮತ ಹಾಕಿ ಮುಚ್ಚಿಸಿದ ಅಂಗಡಿಗೂ ಸರ್ಕಾರ ಮುಚ್ಚಿಸಿದ ಅಂಗಡಿಗೂ ವ್ಯತ್ಯಾಸವಿದೆ. ಮೊದಲನೆಯದಕ್ಕೆ ಕಾವಲು ಊರಿನದೇ. ಕಿರಾಣಿ ಅಂಗಡಿಯಲ್ಲಿ ಕದ್ದು ಮಾರುವವನಿಗೆ ಅಬಕಾರಿ ಜೀಪಿಗಿಂತ ಹೆಚ್ಚಿನ ಭಯ ತಾನು ದಿನಾ ಮುಖ ತೋರಿಸಬೇಕಾದ ನೆರೆಯವರದು.

ರಾಣೆಬೆನ್ನೂರು ಒಂದು ಲಕ್ಷ ದಾಟಿದ ನಗರ, ಹಾವೇರಿ ಜಿಲ್ಲಾಕೇಂದ್ರ, ಬ್ಯಾಡಗಿಗೆ ದೇಶದ ಮೂಲೆಮೂಲೆಯ ವ್ಯಾಪಾರಿ ಬರುತ್ತಾನೆ. ಇಲ್ಲಿ ಮದ್ಯದಂಗಡಿಯೇ ಇರಬಾರದೆಂದು ಯಾರೂ ಹಟ ಹಿಡಿದಿಲ್ಲ. ಎಲ್ಲಿರಬೇಕು, ಎಷ್ಟಿರಬೇಕು ಎಂಬ ಮಾತಿನಲ್ಲಿ ವಾರ್ಡಿನ ಜನಕ್ಕೆ, ಹಳ್ಳಿಯ ಜನಕ್ಕೆ ಪಾಲು ಬೇಕು ಅಷ್ಟೆ. ಬಳಕೆಯಾಗದೆ ಉಳಿದ ಪರವಾನಗಿಗಳನ್ನು ಹರಾಜು ಹಾಕುವುದಾಗಿ ಸರ್ಕಾರ 2025ರ ಬಜೆಟ್‌ನಲ್ಲಿ ಹೇಳಿದೆ. ಹರಾಜಾದ ಪ್ರತಿ ಪರವಾನಗಿಗೂ ಒಂದು ಊರು, ಒಂದು ಬೀದಿ ಬೇಕಾಗುತ್ತದೆ. ಆ ಬೀದಿ ನಿಮ್ಮದೂ ಆಗಬಹುದು.

ಆದ್ದರಿಂದ ಜಿಲ್ಲೆಯ ಶಾಸಕರಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಅಧಿವೇಶನದಲ್ಲಿ ಅಬಕಾರಿ ಕಾಯ್ದೆಗೆ ತಿದ್ದುಪಡಿ ಕೇಳಿ. ಹೊಸ ಜಾಗಕ್ಕೆ ಅಂಗಡಿ ಬರುವ ಮೊದಲು ಗ್ರಾಮಸಭೆಯ ಅಥವಾ ವಾರ್ಡ್ ಸಭೆಯ ಒಪ್ಪಿಗೆ ಕಡ್ಡಾಯವಾಗಲಿ, ಇರುವ ಅಂಗಡಿ ಮುಚ್ಚಿಸಲು ಮಹಾರಾಷ್ಟ್ರದಂತೆ ಗುಪ್ತ ಮತದಾನದ ಅವಕಾಶ ಬರಲಿ. ಗ್ರಾಮ ಪಂಚಾಯಿತಿ ಸದಸ್ಯರು ಅಲ್ಲಿಯವರೆಗೆ ಕಾಯಬೇಕಿಲ್ಲ. ಸದಸ್ಯರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳೇ ಇದ್ದೀರಿ. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿ, ನಿರ್ಣಯ ಬರೆಸಿ, ನಡಾವಳಿ ಪುಸ್ತಕದಲ್ಲಿ ದಾಖಲಾಗಿದೆಯೇ ಎಂದು ಓದಿ ನೋಡಿ, ಅದರ ಪ್ರತಿಯನ್ನು ಜಿಲ್ಲಾಧಿಕಾರಿಗೂ ನಿಮ್ಮ ಶಾಸಕರಿಗೂ ಕಳಿಸಿ.